ಪ್ರಿಂಟಕ್ಕನ ಸೋಮವಾರದ ಗಂಟಲು

ನೀರಿನ ಕಚೇರಿಯ ಎರಡನೇ ಮಹಡಿಯ ಕೊನೆಯ ಕೋಣೆಗೆ ಹೋಗಬೇಕಾದರೆ ನಲವತ್ತೆಂಟು ಮೆಟ್ಟಿಲು ಹತ್ತಬೇಕು. ನಾನು ಎಣಿಸಿದ್ದೇನೆ. ಆ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಗುತ್ತಿಗೆಯವನು ನಾನು. ಯಾರದೋ ಮೌಸ್ ಕುಂಟುತ್ತದೆ, ಯಾರದೋ ಪರದೆ ಕಪ್ಪಾಗುತ್ತದೆ, ಎಲ್ಲದಕ್ಕೂ ನನ್ನನ್ನೇ ಕರೆಯುತ್ತಾರೆ. ಕರೆದ ಮೇಲೆ, ಕೆಟ್ಟದ್ದೇ ನನ್ನಿಂದ ಅನ್ನುವ ಹಾಗೆ ಮುಖ ಮಾಡುತ್ತಾರೆ. ಹೆಗಲ ಮೇಲೆ ಯಾವಾಗಲೂ ಒಂದು ಸುತ್ತು ಕೇಬಲ್ ಇರುವುದರಿಂದ ಅಲ್ಲಿ ನನ್ನ ಹೆಸರು ವೈರಪ್ಪ. ಹೆತ್ತವರು ಇಟ್ಟ ಹೆಸರು ಗುತ್ತಿಗೆಯ ಕಾಗದದಲ್ಲಿ ಮಾತ್ರ ಉಳಿದಿದೆ.

ಆ ಕೊನೆಯ ಕೋಣೆಯಲ್ಲಿ ಕೂರುತ್ತಿದ್ದವರು ಪ್ರಿಂಟಕ್ಕ. ಐವತ್ತಮೂರು ವರ್ಷ, ಸಪೂರ ಮೈ, ಮೂಗಿನ ತುದಿಗೆ ಜಾರುವ ಕನ್ನಡಕ, ಆ ಕನ್ನಡಕಕ್ಕೊಂದು ಕಪ್ಪು ದಾರ. ಟೈಪಿಸ್ಟ್ ಅಂತ ಕೆಲಸಕ್ಕೆ ಸೇರಿದವರು. ಟೈಪ್‌ರೈಟರುಗಳು ಗುಜರಿಗೆ ಹೋದವು, ಕಂಪ್ಯೂಟರುಗಳು ಬಂದವು, ತಮ್ಮ ತಮ್ಮ ಕಾಗದವನ್ನು ತಾವೇ ಕುಟ್ಟಿಕೊಳ್ಳುವುದನ್ನು ಎಲ್ಲರೂ ಕಲಿತರು. ಆದರೆ ಪ್ರಿಂಟರ್ ಇದ್ದದ್ದು ಇಡೀ ಕಚೇರಿಗೆ ಒಂದೇ ಒಂದು. ಅದು ಇವರ ಕಂಪ್ಯೂಟರಿಗೆ ಅಂಟಿಕೊಂಡಿತ್ತು. ಹಾಗಾಗಿ ಹದಿನಾಲ್ಕು ವರ್ಷ ಆ ಕಚೇರಿಯಿಂದ ಆಚೆ ಹೋದ ಒಂದೊಂದು ಅಚ್ಚಿನ ಕಾಗದವೂ ಮೊದಲು ಪೆನ್‌ಡ್ರೈವ್ ಏರಿ, ಯಾರದೋ ಜೇಬಿನಲ್ಲಿ ನಲವತ್ತೆಂಟು ಮೆಟ್ಟಿಲು ಹತ್ತಿ, ಇವರ ಕೈಗೆ ಬರಬೇಕಿತ್ತು.

ಅಲ್ಲಿ ಅವರದೇ ಕಾನೂನು. ಪೆನ್‌ಡ್ರೈವನ್ನು ಯಾರೂ ತಾವೇ ಚುಚ್ಚುವ ಹಾಗಿಲ್ಲ, ಅವರ ಕೈಗೆ ಕೊಡಬೇಕು. ಕೊಟ್ಟ ಮೇಲೆ ಮೇಜಿನ ಪಕ್ಕದ ಮರದ ಸ್ಟೂಲಿನ ಮೇಲೆ ಕೂರಬೇಕು. "ಪ್ರಿಂಟರ್ ಬಿಸಿಯಾಗಬೇಕು ಕಣೋ, ಕೂತ್ಕೋ" ಅನ್ನುತ್ತಿದ್ದರು. ಪ್ರಿಂಟರ್ ಬಿಸಿಯಾಗಲು ಇಪ್ಪತ್ತು ಸೆಕೆಂಡು ಸಾಕು, ಅದು ನನಗೆ ಗೊತ್ತು. ಪ್ರಿಂಟಕ್ಕನ ಪ್ರಿಂಟರಿಗೆ ಮಾತ್ರ ಐದು ನಿಮಿಷ ಹಿಡಿಯುತ್ತಿತ್ತು. ಆ ಐದು ನಿಮಿಷದಲ್ಲಿ ಮಗನ ಪರೀಕ್ಷೆ ಏನಾಯಿತು, ಅತ್ತೆಯ ಕಣ್ಣಿನ ಆಪರೇಷನ್ ಯಾವಾಗ, ಅಣ್ಣ ತಮ್ಮಂದಿರು ಮತ್ತೆ ಮಾತಾಡುತ್ತಿದ್ದಾರಾ, ಎಲ್ಲ ವಿಚಾರಣೆ ಮುಗಿಯುತ್ತಿತ್ತು. ಬಂದ ಕಾಗದವನ್ನು ಓದದೆ ಪ್ರಿಂಟ್ ಒತ್ತುತ್ತಿರಲಿಲ್ಲ. ಒಮ್ಮೆ ರಜೆ ಅರ್ಜಿ ತಂದವನೊಬ್ಬನಿಗೆ, "ಹೊಟ್ಟೆನೋವು ಹೋದ ತಿಂಗಳೂ ಬಂದಿತ್ತಲ್ಲೋ, ಈ ಸಲ ಜ್ವರ ಬರಿಸ್ಕೋ" ಅಂದು ತಾವೇ ತಿದ್ದಿ ಕೊಟ್ಟಿದ್ದರು. ಇಂಥವನ್ನೆಲ್ಲ ಹೊರಗೆ ಆಡುವವರಲ್ಲ. ಕಚೇರಿಯ ಅರ್ಧ ಗುಟ್ಟು ಅವರ ಹೊಟ್ಟೆಯಲ್ಲಿತ್ತು, ಹೊಟ್ಟೆಯಲ್ಲೇ ಉಳಿಯಿತು.

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿತ್ತು. ಸೋಮವಾರ ಪ್ರಿಂಟಕ್ಕನ ಗಂಟಲು ಕಟ್ಟಿರುತ್ತಿತ್ತು. ಮೊದಲು ಹೋದವನಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ, ತುಕ್ಕು ಹಿಡಿದ ಬಾಗಿಲು ತೆಗೆದ ಹಾಗೆ ಒಂದು ಕರಕರ ಅಷ್ಟೆ. ಹನ್ನೆರಡು ಗಂಟೆಯ ಹೊತ್ತಿಗೆ ಗಂಟಲು ಬಿಟ್ಟುಕೊಳ್ಳುತ್ತಿತ್ತು, ಮಂಗಳವಾರ ಗಿಣಿ. "ಪ್ರಿಂಟಕ್ಕನ ನೆಗಡಿಗೂ ವಾರದ ರಜೆ ಇರುತ್ತೆ, ಸೋಮವಾರ ಮಾತ್ರ ಡ್ಯೂಟಿ" ಅಂತ ನಾವು ನಗುತ್ತಿದ್ದೆವು. ಕೆಳಗೆ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಗುಮಾಸ್ತರು ಪಾಪ, ಸೋಮವಾರ ಸೋಮವಾರ ಜೇಬಿನಲ್ಲಿ ನಾಲ್ಕು ಕಾಳುಮೆಣಸು ಇಟ್ಟುಕೊಂಡು ಹೋಗಿ ಕೊಡುತ್ತಿದ್ದರು.

ಹೀಗಿರುವಾಗ ದೊಡ್ಡ ಪ್ರಿಂಟರ್ ಬಂತು. ಕಚೇರಿಯ ಮುಖ್ಯಸ್ಥರು, ನಾವು ದೊಡ್ಡವರು ಅನ್ನುತ್ತೇವೆ, ಯಾವುದೋ ಸಭೆಗೆ ಹೋಗಿ ಬಂದಿದ್ದರು. ಅಲ್ಲಿ ಬೇರೆ ಕಚೇರಿಯವರು ಕೂತಲ್ಲಿಂದಲೇ ಪ್ರಿಂಟ್ ಕೊಡುವುದನ್ನು ನೋಡಿ ಹೊಟ್ಟೆ ಉರಿದಿತ್ತು. ಬೀರುವಿನಷ್ಟು ದೊಡ್ಡ ಆ ಯಂತ್ರವನ್ನು ನಾಲ್ಕು ಜನ ಹೊತ್ತು ತಂದು, ಕೆಳಗಿನ ಮಹಡಿಯ ಮೆಟ್ಟಿಲ ಬುಡದಲ್ಲಿ ಇಳಿಸಿ, ಇನ್ನೊಂದು ಮೆಟ್ಟಿಲೂ ಹತ್ತುವುದಿಲ್ಲ ಅಂದರು. ಸರಿ, ಅದೇ ಅದರ ಜಾಗವಾಯಿತು. ಅದನ್ನು ಕಚೇರಿಯ ಮೂವತ್ತೊಂದು ಕಂಪ್ಯೂಟರಿಗೂ ಸೇರಿಸಿ, ಯಾರು ಎಲ್ಲಿ ಕೂತರೂ ಪ್ರಿಂಟ್ ಬರುವ ಹಾಗೆ ಮಾಡುವುದು ನನ್ನ ಕೆಲಸ.

ವಿಷಯ ಹೇಳಲು ನಾನೇ ಮೇಲೆ ಹೋದೆ. ದೊಡ್ಡ ಉಪಕಾರ ಮಾಡುವವನ ಹಾಗೆ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, "ಅಕ್ಕಾ, ಇನ್ನು ನಿಮಗೆ ನೆಮ್ಮದಿ. ಈ ಜನರ ಕಾಟ ತಪ್ಪಿತು" ಅಂದೆ.

ನನ್ನ ಲೆಕ್ಕದಲ್ಲಿ ಅದು ಉಪಕಾರವೇ. ನಮ್ಮ ಮನೆಯಲ್ಲಿ ಆರು ಜನ, ಎರಡು ಕೋಣೆ. ಅಮ್ಮ, ಅತ್ತೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕೊನೆಯಲ್ಲಿ ನಾನು. ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡರೂ ಆಚೆಯಿಂದ ಬಾಗಿಲು ತಟ್ಟಿ ಮಾತಾಡಿಸುತ್ತಾರೆ. ಬಾಗಿಲು ಹಾಕಿಕೊಂಡು ಒಂದು ದಿನ ಸುಮ್ಮನೆ ಕೂರುವುದು ನನ್ನ ಪಾಲಿಗೆ ಸ್ವರ್ಗ.

ಪ್ರಿಂಟಕ್ಕ ಕನ್ನಡಕ ತೆಗೆದು ಒರೆಸಿದರು. "ಎಲ್ಲರಿಗೂನಾ?" ಅಂದರು.

"ಎಲ್ಲರಿಗೂ ಅಕ್ಕಾ. ಮೂವತ್ತೊಂದಕ್ಕೂ."

"ಮತ್ತೆ ನನಗೇನು ಕೆಲಸ?"

"ಹಳೇ ರಿಜಿಸ್ಟರುಗಳು ಇವೆಯಲ್ಲ, ಅವನ್ನ ಸ್ಕ್ಯಾನ್ ಮಾಡಿ ಇಡಬೇಕಂತೆ. ಆರಾಮದ ಕೆಲಸ. ಯಾರೂ ತಲೆ ತಿನ್ನಲ್ಲ."

"ಹೌದಲ್ಲ" ಅಂದರು. ಅಷ್ಟೇ. ಆವತ್ತು ಪ್ರಿಂಟರ್ ಬಿಸಿಯಾಗುವವರೆಗೂ ನನ್ನನ್ನು ಏನೂ ಕೇಳಲಿಲ್ಲ.

ಶನಿವಾರ ಅರ್ಧ ದಿನ. ಎಲ್ಲರೂ ಮನೆಗೆ ಹೋದ ಮೇಲೆ ಕೆಲಸ ಹಿಡಿದೆ. ಪ್ರಿಂಟಕ್ಕ ಹೋಗದೆ ನಿಂತರು. "ಯಾರ ಸೀಟು ಎಲ್ಲಿ ಅಂತ ನಿಂಗೇನು ಗೊತ್ತು" ಅಂದು ಜೊತೆಗೆ ಬಂದರು. ನಾನು ಒಂದೊಂದು ಕಂಪ್ಯೂಟರ್ ಮುಂದೆ ಕೂತು, ನನ್ನ ಹೆಸರಿನಲ್ಲಿ ಒಳಗೆ ಹೋಗಿ, ಪ್ರಿಂಟರನ್ನು ಹುಡುಕಿ ಸೇರಿಸಿ, ಪರೀಕ್ಷೆಗೆ ಒಂದು ಪುಟ ಒತ್ತುತ್ತಿದ್ದೆ. ಅವರು ಮೆಟ್ಟಿಲ ಬುಡಕ್ಕೆ ಹೋಗಿ, ಪುಟ ಬಂದದ್ದನ್ನು ನೋಡಿ, "ಬಂತು" ಅಂತ ಕೂಗುತ್ತಿದ್ದರು. ಖಾಲಿ ಕಚೇರಿಯಲ್ಲಿ ಆ ಕೂಗು ದೊಡ್ಡದಾಗಿ ಕೇಳುತ್ತಿತ್ತು. ನಡುನಡುವೆ ಸೀಟುಗಳ ಚರಿತ್ರೆ ಹೇಳಿದರು. ಇದು ಕಿಟಕಿ ಗುಮಾಸ್ತರದ್ದು, ಅವರಿಗೆ ಎಡ ಮಂಡಿ ನೋವು, ಅದಕ್ಕೇ ಮೇಜಿನ ಕೆಳಗೆ ಇಟ್ಟಿಗೆ. ಇಲ್ಲಿ ಕೂರುವ ಹುಡುಗಿ ಕೆಲಸ ಬಿಡುವ ಕಾಗದವನ್ನು ಮೂರು ಸಲ ಒತ್ತಿಸಿ ಮೂರು ಸಲವೂ ಹರಿದವಳು. ಪ್ರಿಂಟರ್ ಜಾಗ ಬದಲಾಯಿಸುತ್ತಿದ್ದೇನೆ ಅಂದುಕೊಂಡಿದ್ದ ನನಗೆ, ಇವರ ಕಣ್ಣಿನಲ್ಲಿ ನಾನು ಏನನ್ನು ಬದಲಾಯಿಸುತ್ತಿದ್ದೇನೆ ಅನ್ನುವುದು ಆಗಲೂ ಹೊಳೆಯಲಿಲ್ಲ. ಬುದ್ಧಿ ಇದ್ದಿದ್ದರೆ ಕೇಬಲ್ ಯಾಕೆ ಹೊರುತ್ತಿದ್ದೆ.

ಮೂವತ್ತೊಂದು ಪರೀಕ್ಷೆಯ ಪುಟಗಳನ್ನೂ ಅವರು ಜೋಡಿಸಿ ಚೀಲಕ್ಕೆ ಹಾಕಿಕೊಂಡರು, ಹಿಂಬದಿ ಖಾಲಿ ಇದೆಯಲ್ಲ ಅಂತ. ಜೊತೆಗೆ ಕೋಣೆಯಲ್ಲಿದ್ದ, ಒಂದೇ ಬದಿ ಅಚ್ಚಾದ ಹಳೆಯ ಕಾಗದದ ಕಟ್ಟೂ ಇತ್ತು. ಹೊರಲಾರದ ಭಾರ. ಸ್ಕೂಟರಿನಲ್ಲಿ ಮನೆಗೆ ಬಿಟ್ಟೆ. ಚೀಲವನ್ನು ಮೇಲೆ ತಂದುಕೊಡು ಅಂದರು, ತಂದೆ.

ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ ಕಟ್ಟೆ. ಒಂದು ಕುರ್ಚಿ. ಒಂದು ತಟ್ಟೆ ಮಗುಚಿಟ್ಟು ಒಣಗುತ್ತಿತ್ತು. ಅವರ ಅಮ್ಮ ತೀರಿಕೊಂಡು ಆರು ವರ್ಷ, ಮದುವೆ ಅಮ್ಮನ ಕಾಯಿಲೆಯ ನಡುವೆ ಎಲ್ಲೋ ತಪ್ಪಿಹೋಗಿತ್ತು. ತಂಗಿಯೊಬ್ಬಳು ಬೇರೆ ಊರಿನಲ್ಲಿದ್ದಾಳೆ, ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ. ಟೀ ಮಾಡುತ್ತೇನೆ ಅಂದರು. ಬೇಡ ಅನ್ನಬೇಕು ಅಂದುಕೊಂಡೆ, ಮನೆಯಲ್ಲಿ ಕಾಯುತ್ತಿದ್ದರು. ಆದರೆ ಅಷ್ಟರಲ್ಲಿ ಅವರು ಕಪಾಟಿನಿಂದ ಎರಡನೆಯ ಲೋಟ ತೆಗೆದಿದ್ದರು. ಅದರ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಕೆರೆದು ತೆಗೆದು, ತೊಳೆದು, ಟೀ ಹಾಕಿ ಕೊಟ್ಟರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಮಂಚದ ತುದಿಯಲ್ಲಿ ಕೂತರು.

ಏನಾದರೂ ಮಾತಾಡಬೇಕಲ್ಲ, "ಸೋಮವಾರಕ್ಕೆ ಗಂಟಲು ನೋಡ್ಕೊಳ್ಳಿ ಅಕ್ಕಾ, ನಾಳೆ ತಣ್ಣೀರು ಕುಡೀಬೇಡಿ" ಅಂದೆ.

ಅವರು ನಕ್ಕರು. "ಅದು ನೆಗಡಿ ಅಲ್ವೋ ಹುಚ್ಚಪ್ಪ. ಶನಿವಾರ ಮಧ್ಯಾಹ್ನ ಮುಚ್ಚಿದ ಬಾಯಿ ಸೋಮವಾರ ಹತ್ತು ಗಂಟೆಗೇ ತೆಗೆಯೋದು. ಮಧ್ಯೆ ಯಾರ ಹತ್ರ ಮಾತಾಡ್ಲಿ? ಉಪಯೋಗಿಸದೆ ಇಟ್ರೆ ಕಟ್ಕೊಳ್ಳುತ್ತೆ, ನಲ್ಲಿ ಹಾಗೆ."

ಅದು ತಮಾಷೆ ಅಂತ ನಾನೂ ನಕ್ಕೆ. ಅರ್ಧ ನಕ್ಕ ಮೇಲೆ ನಗು ಹಾಗೇ ನಿಂತಿತು. ಅವರು ಮಾತ್ರ ಏನೂ ಆಗದವರ ಹಾಗೆ, ಟೀಗೆ ಸಕ್ಕರೆ ಸಾಕಾ ಅಂದರು.

ಸೋಮವಾರ ಬೆಳಗ್ಗೆ ಹತ್ತೂ ಕಾಲಿಗೆ ದೊಡ್ಡವರ ಫೋನು ಬಂತು. "ಏನ್ರೀ ವೈರಪ್ಪ, ಮೂವತ್ತೊಂದು ಕಂಪ್ಯೂಟರ್ ಅಂದ್ರಿ, ಒಂದರಲ್ಲೂ ಪ್ರಿಂಟರ್ ಇಲ್ಲ!" ಪರೀಕ್ಷೆಯ ಪುಟ ಬಂದಿದೆ ಸಾರ್ ಅಂದೆ. "ಪರೀಕ್ಷೆ ಪಾಸಾಗಿ ಕೆಲಸಕ್ಕೆ ಬಾರದವರು ಈ ಕಚೇರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಮೊದಲು ಬನ್ನಿ" ಅಂದರು. ಓಡಿದೆ.

ಮೆಟ್ಟಿಲ ಮೇಲೆ ಸಾಲು. ಕೆಳಗಿನಿಂದ ಎರಡನೇ ಮಹಡಿಯವರೆಗೆ ಪೆನ್‌ಡ್ರೈವ್ ಹಿಡಿದ ಜನ, ನನ್ನನ್ನು ನೋಡಿ ಒಬ್ಬೊಬ್ಬರೂ ಒಂದೊಂದು ಮಾತು. ಕೊನೆಯ ಕೋಣೆಯಲ್ಲಿ ಪ್ರಿಂಟಕ್ಕ. ಅಷ್ಟು ಕೆಲಸ ಅವರಿಗೆ ಎಂದೂ ಬಿದ್ದಿರಲಿಲ್ಲ, ಅಷ್ಟು ಹೊಳೆಯುವ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಗಂಟಲು ಆಗಲೇ ಬಿಟ್ಟಿತ್ತು. "ನೂಕಬೇಡ್ರೋ, ಎಲ್ಲರಿಗೂ ಒತ್ತಿ ಕೊಡ್ತೀನಿ, ಪ್ರಿಂಟರ್ ಬಿಸಿಯಾಗಲಿ" ಅನ್ನುತ್ತಿದ್ದರು. ಪ್ರಿಂಟರ್ ಹೊಗೆ ಬರುವಷ್ಟು ಬಿಸಿಯಾಗಿತ್ತು.

ತಪ್ಪು ಸಿಕ್ಕಲು ಐದು ನಿಮಿಷವೂ ಬೇಕಾಗಲಿಲ್ಲ. ಪ್ರಿಂಟರನ್ನು ಸೇರಿಸಲು ಎರಡು ದಾರಿ ಇವೆ. ಒಂದು, ಕಂಪ್ಯೂಟರ್ ಮುಂದೆ ಆಗ ಕೂತಿರುವ ಮನುಷ್ಯನಿಗೆ ಮಾತ್ರ ಕೊಡುವುದು. ಇನ್ನೊಂದು, ಕಂಪ್ಯೂಟರಿಗೇ ಕೊಡುವುದು, ಆಗ ಅಲ್ಲಿ ಯಾರು ತಮ್ಮ ಹೆಸರಿನಲ್ಲಿ ಒಳಗೆ ಬಂದರೂ ಪ್ರಿಂಟರ್ ಕಾಣುತ್ತದೆ. ಆ ಕಚೇರಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು, ಬೇರೆ ಗುಪ್ತಪದ. ಶನಿವಾರ ಎಲ್ಲ ಕಡೆ ಕೂತವನು ನಾನು. ಮನೆಯವರೆಲ್ಲರಿಗೂ ಸಿಗಲಿ ಅಂತ ಮೊಳೆಗೆ ನೇತುಹಾಕಬೇಕಾದ ಬೀಗದ ಕೈಯನ್ನು ನನ್ನ ಜೇಬಿಗೆ ಹಾಕಿಕೊಂಡು ಹೋದ ಹಾಗೆ, ಮೂವತ್ತೊಂದು ಕಂಪ್ಯೂಟರಿನಲ್ಲೂ ಪ್ರಿಂಟರನ್ನು ನನಗೊಬ್ಬನಿಗೇ ಕೊಟ್ಟುಕೊಂಡಿದ್ದೆ. ಹದಿನೇಳು ವರ್ಷ ಈ ಕೆಲಸ ಮಾಡಿದವನು ಮಾಡುವ ತಪ್ಪೇ ಇದು?

ಸಾಲು ಸ್ವಲ್ಪ ಕರಗಿದ ಮೇಲೆ ಪ್ರಿಂಟಕ್ಕನಿಗೆ ಹೇಳಿದೆ. ಅವರಿಗೊಬ್ಬರಿಗೇ ಹೇಳಿದ್ದು, ಬೇರೆ ಯಾರಿಗೂ ಹೇಳುವ ಮುಖ ಇರಲಿಲ್ಲ. ಅವರು ಎದ್ದು ಹೋಗಿ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದರು.

"ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?"

"ಒಂದು ಸಾಲು ಬರೆದು ಕೆಳಗಿನ ದೊಡ್ಡ ಕಂಪ್ಯೂಟರಿನಿಂದ ಎಲ್ಲದಕ್ಕೂ ಕಳಿಸಿದ್ರೆ ಆಯ್ತು. ಅರ್ಧ ಗಂಟೆ."

"ಶುಕ್ರವಾರ ಮಾಡು."

"ಅಕ್ಕಾ, ದೊಡ್ಡವರು ನನ್ನ ಚರ್ಮ ಸುಲೀತಾರೆ."

"ಏನೋ ಒಂದು ಹೇಳು. ನಿಮ್ಮ ಕೆಲಸದಲ್ಲಿ ನೀವು ಏನು ಹೇಳಿದ್ರೂ ಯಾರಿಗೆ ಅರ್ಥ ಆಗುತ್ತೆ?" ನಗಿಸಲು ನೋಡಿದರು, ನಾನು ನಗಲಿಲ್ಲ. ಆಗ ಮೇಜಿನ ಮೇಲಿನ ಸ್ಟೇಪ್ಲರನ್ನು ಕೈಗೆತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದರು. "ನಿನ್ನೆ ಇಡೀ ದಿನ ಯೋಚನೆ ಮಾಡ್ದೆ ಕಣೋ. ಇವತ್ತಿಂದ ಈ ಕೋಣೆಗೆ ಯಾರೂ ಬರಲ್ಲ ಅಂತ. ನಂಗೆ ಇನ್ಯಾವ ಜಾಗಾನೂ ಇಲ್ಲ. ಇಲ್ಲಿ ಮಾತಾಡಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ನಾಲ್ಕು ದಿನ ಕೊಡು. ಎಲ್ಲರನ್ನೂ ಇನ್ನೊಂದ್ಸಲ ನೋಡ್ಕೊಂಡುಬಿಡ್ತೀನಿ."

ಆ ಮೇಲೆ ನಾನು ಕೆಳಗೆ ಹೋಗಿ ದೊಡ್ಡವರ ಮುಂದೆ ನಿಂತು, ಸರ್ವರಿನಲ್ಲಿ ಅನುಮತಿಯ ತೊಡಕಿದೆ, ಶುಕ್ರವಾರ ಆಗುತ್ತದೆ ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಂದರೇನು ಅಂತ ಆವತ್ತು ಕಲಿತೆ. ಅವರು ಗೊಣಗಿ ಒಪ್ಪಿದರು. ಬೀರುವಿನಷ್ಟು ದೊಡ್ಡ ಪ್ರಿಂಟರ್ ಮೆಟ್ಟಿಲ ಬುಡದಲ್ಲಿ ಹಸಿರು ದೀಪ ಹತ್ತಿಸಿಕೊಂಡು ಸುಮ್ಮನೆ ನಿಂತಿತ್ತು.

ಮಂಗಳವಾರ ಹೇಗೋ ಕಳೆಯಿತು. ಜನ ಗೊಣಗುತ್ತಲೇ ಹತ್ತಿದರು, ಹತ್ತಿ ಕೂತು ಮಾತಾಡಿ ಇಳಿದರು. ನಡುವೆ ನಾನು ಒಮ್ಮೆ ಇಣುಕಿದಾಗ ಪ್ರಿಂಟಕ್ಕ ಯಾರದೋ ಮಗಳ ಶಾಲೆಯ ಕತೆ ಕೇಳಿ ಬಿದ್ದು ಬಿದ್ದು ನಗುತ್ತಿದ್ದರು. ನಾನು ಮಾಡಿದ್ದು ಸರಿ ಅಂತ ಆವತ್ತು ನಿಜವಾಗಿಯೂ ಅನ್ನಿಸಿತ್ತು.

ಬುಧವಾರ ಕೆಳಗೆ ಕಿಟಕಿಯ ಮುಂದೆ ವಿಪರೀತ ಜನ. ಯಾವುದೋ ಬಡಾವಣೆಗೆ ಹೊಸ ನಲ್ಲಿ ಕೊಡುವ ವಾರ ಅದು. ಒಂದೊಂದು ಅರ್ಜಿಗೂ ಒಂದು ಸ್ವೀಕೃತಿ ಪತ್ರ ಒತ್ತಿ ಕೊಡಬೇಕು. ಹೊಸ ಪ್ರಿಂಟರ್ ಬರುತ್ತದೆಂದು ಕಿಟಕಿ ಗುಮಾಸ್ತರು ಹಳೆಯ ಕೈಬರಹದ ರಸೀತಿ ಪುಸ್ತಕಗಳನ್ನು ಗೋದಾಮಿಗೆ ಕಳಿಸಿಬಿಟ್ಟಿದ್ದರು. ಹಾಗಾಗಿ ಹತ್ತು ಅರ್ಜಿ ಸೇರಿದಾಗಲೆಲ್ಲ ಅವರು ಕಿಟಕಿ ಮುಚ್ಚಿ, ಪೆನ್‌ಡ್ರೈವ್ ಜೇಬಿಗೆ ಹಾಕಿ, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಲವತ್ತೆಂಟು ಮೆಟ್ಟಿಲು ಹತ್ತುತ್ತಿದ್ದರು. ಹೊರಗೆ ಬಿಸಿಲಲ್ಲಿ ನಿಂತವರು ಮುಚ್ಚಿದ ಕಿಟಕಿಯನ್ನು ಬಡಿಯುತ್ತಿದ್ದರು.

ಐದನೆಯ ಸಲ ಹತ್ತುವಾಗ ಅವರಿಗೆ ಆಗಲಿಲ್ಲ. ಮೊದಲ ಮಹಡಿ ದಾಟಿದ ತಿರುವಿನಲ್ಲಿ ಮೆಟ್ಟಿಲ ಮೇಲೇ ಕುಸಿದು ಕೂತರು. ನಾನು ಕೆಳಗಿನಿಂದ ಬರುತ್ತಿದ್ದೆ. ಅವರು ಎಡ ಮಂಡಿಯನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಯಾರೂ ಕೇಳುತ್ತಿಲ್ಲ ಅಂದುಕೊಂಡು, "ಆ ವೈರಪ್ಪನ ಕೈ ಸೇದಿಹೋಗಲಿ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ; ನಾನು ನಿಜವಾಗಿಯೂ ಕೈ ನೋಡಿಕೊಂಡೆ. ತಲೆ ಎತ್ತಿದರೆ ಮೇಲಿನ ಕಂಬಿಯ ಹತ್ತಿರ ಪ್ರಿಂಟಕ್ಕ ನಿಂತಿದ್ದರು. ಗುಮಾಸ್ತರು ಯಾಕೆ ಇನ್ನೂ ಬಂದಿಲ್ಲ ಅಂತ ನೋಡಲು ಆಚೆ ಬಂದಿದ್ದರು ಅಂತ ಕಾಣುತ್ತದೆ. ಅವರ ಕೈಯಲ್ಲಿ ಆಗಲೇ ಬಿಸಿಯಾದ ಪ್ರಿಂಟರಿನಿಂದ ತೆಗೆದ ಯಾರದೋ ಕಾಗದ ಇತ್ತು.

ಅವರು ಇಳಿದು ಬಂದು ಗುಮಾಸ್ತರ ಪಕ್ಕದಲ್ಲಿ ಕೂತರು. "ಇವತ್ತು ಎಷ್ಟನೇ ಸಲ?" ಅಂದರು.

"ಐದು. ಪರವಾಗಿಲ್ಲ ಬಿಡಿ ಅಕ್ಕಾ, ನಿಮ್ಮದೇನು ತಪ್ಪು. ಆ ಯಂತ್ರ ಸರಿಯಾಗೋವರೆಗೆ ತಾನೆ." ಗುಮಾಸ್ತರು ಜೇಬು ತಡಕಿ ಪೆನ್‌ಡ್ರೈವ್ ಕೊಟ್ಟರು.

ಪ್ರಿಂಟಕ್ಕ ಅದನ್ನು ತೆಗೆದುಕೊಂಡರು. ಆಮೇಲೆ ಮೇಲೆ ಹೋಗಿ, ಸ್ವೀಕೃತಿ ಪತ್ರಗಳನ್ನು ಒತ್ತಿ, ತಾವೇ ತಂದು ಕಿಟಕಿಗೆ ಮುಟ್ಟಿಸಿದರು. ಮುಟ್ಟಿಸಿ ನೇರವಾಗಿ ನಾನಿದ್ದ ಸರ್ವರ್ ಕೋಣೆಗೆ ಬಂದರು. ಆ ಕೋಣೆಗೆ ಅವರು ಬಂದದ್ದು ಅದೇ ಮೊದಲು.

"ಮಾಡಿಬಿಡು" ಅಂದರು.

"ಶುಕ್ರವಾರ ಅಂದಿದ್ರಲ್ಲ ಅಕ್ಕಾ."

"ನಾನೊಬ್ಬಳು ಮಾತಾಡಬೇಕು ಅಂತ ಆ ಮನುಷ್ಯನ ಮಂಡಿ ಸವೆಸೋದಾ? ನಮ್ಮಮ್ಮನ ಕಾಲು ಒತ್ತಿ ಒತ್ತಿ ನಂಗೆ ಗೊತ್ತು ಮಂಡಿ ನೋವು ಅಂದ್ರೇನು ಅಂತ. ಮಾಡಿಬಿಡು. ಇನ್ನು ಎರಡು ದಿನ ಇದ್ದರೂ ಅಷ್ಟೇ, ಹೋದರೂ ಅಷ್ಟೇ."

ನಾನು ಆ ಒಂದು ಸಾಲು ಬರೆದೆ. ಅವರು ನನ್ನ ಹೆಗಲ ಹಿಂದೆ ನಿಂತು, ಕನ್ನಡಕ ಮೇಲೇರಿಸಿಕೊಂಡು, ತಮ್ಮ ಕೋಣೆಗೆ ಬಂದ ಕಾಗದಗಳನ್ನು ಓದುತ್ತಿದ್ದ ಹಾಗೆಯೇ ಅದನ್ನೂ ಅಕ್ಷರ ಅಕ್ಷರ ಓದಿದರು. ಒಂದು ಕಡೆ ಅಕ್ಷರ ಬಿಟ್ಟುಹೋಗಿತ್ತು, ತೋರಿಸಿದರು. ಸಾಲಿನ ಅರ್ಥ ಗೊತ್ತಿಲ್ಲದಿದ್ದರೂ, ಪರದೆಯಲ್ಲಿ ಮೊದಲೇ ಇದ್ದ ಮೇಲಿನ ಸಾಲಿನಲ್ಲಿ ಅದೇ ಪದ ಬೇರೆ ಥರ ಇದೆ ಅನ್ನುವುದು ಅವರ ಕಣ್ಣಿಗೆ ಬಿದ್ದಿತ್ತು. ತಿದ್ದಿ ಒತ್ತಿದೆ. ಒಂದೊಂದಾಗಿ ಮೂವತ್ತೊಂದು ಕಂಪ್ಯೂಟರಿನ ಹೆಸರೂ ಪರದೆಯ ಮೇಲೆ ಬಂದು ಹೋಯಿತು.

"ಈಗ ಎಲ್ಲರಿಗೂ ಸಿಗುತ್ತಾ?"

"ಯಾರು ಕೂತ್ರೂ ಸಿಗುತ್ತೆ. ನಾಳೆ ಹೊಸದಾಗಿ ಕೆಲಸಕ್ಕೆ ಬಂದವರಿಗೂ."

"ಒಳ್ಳೇದಾಯ್ತು" ಅಂದು ಅವರು ಹೋದರು. ಮೆಟ್ಟಿಲ ಬುಡದಲ್ಲಿ ದೊಡ್ಡ ಪ್ರಿಂಟರ್ ಗುರ್ ಅಂದು ಮೊದಲ ಕಾಗದವನ್ನು ಹೊರಗೆ ಹಾಕಿತು. ಕಿಟಕಿ ಗುಮಾಸ್ತರು ಕುರ್ಚಿಯಿಂದ ನಾಲ್ಕು ಹೆಜ್ಜೆ ನಡೆದು ಅದನ್ನು ಎತ್ತಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡವರು ನನ್ನ ಬೆನ್ನು ತಟ್ಟಿ, ಶುಕ್ರವಾರ ಅಂದು ಬುಧವಾರವೇ ಮುಗಿಸಿದಿರಲ್ಲ, ಭೇಷ್ ಅಂದರು.

ಆಮೇಲೆ ಮೂರು ವಾರ ನಾನು ಆ ಕಚೇರಿಗೆ ಐದಾರು ಸಲ ಹೋದೆ, ಮೇಲೆ ಹತ್ತಲಿಲ್ಲ. ಕೆಲಸ ಇರಲಿಲ್ಲ ಅಂತ ಹೇಳಿಕೊಳ್ಳಬಹುದು. ನಿಜವೇನೆಂದರೆ ಧೈರ್ಯ ಇರಲಿಲ್ಲ. ಕೆಳಗೆ ಯಾರನ್ನಾದರೂ ಪ್ರಿಂಟಕ್ಕ ಹೇಗಿದ್ದಾರೆ ಅಂತ ಕೇಳಿದರೆ, "ಇದಾರೆ, ಮೇಲೆ ಇದಾರಲ್ಲ" ಅನ್ನುತ್ತಿದ್ದರು. ಯಾವಾಗ ನೋಡಿದ್ದು ಅಂತ ಕೇಳಿದರೆ ಯೋಚಿಸುತ್ತಿದ್ದರು. ಅವರಲ್ಲಿ ಯಾರೂ ಕೆಟ್ಟವರಲ್ಲ. ನಲವತ್ತೆಂಟು ಮೆಟ್ಟಿಲು ಹತ್ತಲು ಒಂದು ನೆಪ ಬೇಕು, ಆ ನೆಪವನ್ನು ನಾನು ಅರ್ಧ ಗಂಟೆಯಲ್ಲಿ ತೆಗೆದುಹಾಕಿದ್ದೆ. ಕಿಟಕಿ ಗುಮಾಸ್ತರು ಮಾತ್ರ ಒಂದು ಪೊಟ್ಟಣದಲ್ಲಿ ಕಾಳುಮೆಣಸು ಕಟ್ಟಿ ನನ್ನ ಕೈಗೆ ಕೊಟ್ಟು, "ಮೇಲೆ ಹೋದ್ರೆ ಅಕ್ಕನಿಗೆ ಕೊಡಿ, ನನ್ನ ಕೈಲಿ ಹತ್ತೋಕಾಗಲ್ಲ" ಅಂದರು. ಆ ಪೊಟ್ಟಣ ನನ್ನ ಜೇಬಿನಲ್ಲಿ ಎಂಟು ದಿನ ಓಡಾಡಿತು.

ಕೊನೆಗೆ ಒಂದು ದಿನ ದೊಡ್ಡವರ ಕಂಪ್ಯೂಟರ್ ಸರಿಮಾಡಿ ಹೊರಗೆ ಬಂದವನು, ಬಾಗಿಲ ಕಡೆ ತಿರುಗದೆ ಮೆಟ್ಟಿಲ ಕಡೆ ತಿರುಗಿದೆ.

ಕೋಣೆ ಹಾಗೇ ಇತ್ತು. ಹಳೆಯ ಪ್ರಿಂಟರಿನ ಮೇಲೆ ಬಟ್ಟೆ ಹೊದಿಸಿತ್ತು. ಪ್ರಿಂಟಕ್ಕ ಬೆನ್ನು ಬಾಗಿಸಿ ಒಂದು ಹಳದಿಯಾದ ರಿಜಿಸ್ಟರಿನ ಹಾಳೆಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಸರಿಮಾಡಿ ಇಡುತ್ತಿದ್ದರು. ಗೋಡೆಯ ಉದ್ದಕ್ಕೂ ರಿಜಿಸ್ಟರುಗಳು, ಮೇಜಿನ ಪಕ್ಕದ ಸ್ಟೂಲಿನ ಮೇಲೂ ಎದೆ ಎತ್ತರಕ್ಕೆ ರಿಜಿಸ್ಟರುಗಳು. ಅಲ್ಲಿ ಯಾರೂ ಕೂತು ಎಷ್ಟು ದಿನವಾಯಿತು ಅಂತ ಅದನ್ನು ನೋಡಿದರೇ ಗೊತ್ತಾಗುತ್ತಿತ್ತು.

ನನ್ನ ನೆರಳು ಬಿದ್ದು ಅವರು ತಿರುಗಿದರು. ಬಾಯಿ ತೆರೆದರು, ಮಾತು ಬರಲಿಲ್ಲ. ಕೈಯಿಂದ ಕುತ್ತಿಗೆ ಹಿಡಿದುಕೊಂಡು ಎರಡು ಸಲ ಕೆಮ್ಮಿದರು. ಆಮೇಲೆ ಅದೇ ಕರಕರ, ನಾನು ಕೇಳಿದ್ದ ಯಾವ ಕರಕರಕ್ಕಿಂತಲೂ ಒರಟಾಗಿ, "ವೈರಪ್ಪನಾ?" ಅಂದರು.

"ಏನಕ್ಕಾ, ಸೋಮವಾರದ ಗಂಟಲು..." ಅಂತ ಅಭ್ಯಾಸದಂತೆ ನಗಲು ಹೋದವನು ಅಲ್ಲೇ ನಿಲ್ಲಿಸಿದೆ. ಆವತ್ತು ಗುರುವಾರ.

ಅವರಿಗೂ ಗೊತ್ತಾಯಿತು, ನನಗೆ ಗೊತ್ತಾದದ್ದು. ಇಬ್ಬರೂ ಸ್ಕ್ಯಾನರಿನ ದೀಪ ಆ ಕಡೆಯಿಂದ ಈ ಕಡೆಗೆ ಹೋಗುವುದನ್ನು ನೋಡಿದೆವು. ನನಗೆ ಅಳು ಬಂದಿತ್ತು, ಇಷ್ಟು ವಯಸ್ಸಾದವನು ಕಚೇರಿಯಲ್ಲಿ ನಿಂತು ಅಳುವುದಕ್ಕಾಗುತ್ತದೆಯೇ. ಮೆಣಸಿನ ಪೊಟ್ಟಣ ಮೇಜಿನ ಮೇಲಿಟ್ಟೆ. ಅದಾದ ಮೇಲೆ ಇನ್ನೇನು ಮಾಡಬೇಕೋ ತಿಳಿಯದೆ ಜೇಬಿಗೆ ಕೈ ಹಾಕಿದೆ, ಸಿಕ್ಕಿದ ಪೆನ್‌ಡ್ರೈವ್ ತೆಗೆದು ಅವರ ಕಡೆ ಚಾಚಿದೆ.

"ಒಂದು ಪುಟ ಪ್ರಿಂಟ್ ಬೇಕಿತ್ತು ಅಕ್ಕಾ."

"ಕೆಳಗೆ ಇದೆಯಲ್ಲೋ."

"ಎಲ್ಲರಿಗೂ ಇದೆ. ಯಾಕೋ ನನ್ನ ಹೆಸರಲ್ಲಿ ಮಾತ್ರ ಕಾಣ್ತಿಲ್ಲ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಪೆನ್‌ಡ್ರೈವ್ ತೆಗೆದುಕೊಂಡರು. ಪ್ರಿಂಟರಿನ ಮೇಲಿನ ಬಟ್ಟೆ ತೆಗೆದು ಮಡಿಸಿಟ್ಟರು, ಸ್ವಿಚ್ ಹಾಕಿದರು, ಪೆನ್‌ಡ್ರೈವ್ ಚುಚ್ಚಿ ತೆರೆದರು. ಪರದೆ ಬೆಳ್ಳಗೆ ತೆರೆದುಕೊಂಡಿತು. ಅದರಲ್ಲಿ ಏನೂ ಇರಲಿಲ್ಲ. ಬೇರೆ ಕೆಲಸಕ್ಕೆ ಬೇಕು ಅಂತ ಆವತ್ತು ಬೆಳಗ್ಗೆ ನಾನೇ ಅದನ್ನು ಪೂರ್ತಿ ಅಳಿಸಿದ್ದೆ, ಗಾಬರಿಯಲ್ಲಿ ಮರೆತಿದ್ದೆ. ಕಳ್ಳನ ಹಾಗೆ ನಿಂತೆ.

ಪ್ರಿಂಟಕ್ಕ ಆ ಖಾಲಿ ಪರದೆಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದರು. ಓದಿ ಎದ್ದರು. ಸ್ಟೂಲಿನ ಮೇಲಿದ್ದ ರಿಜಿಸ್ಟರುಗಳನ್ನು ಒಂದೊಂದಾಗಿ ಇಳಿಸಿ ನೆಲದ ಮೇಲಿಟ್ಟರು, ಅಂಗೈಯಿಂದ ಧೂಳು ಒರೆಸಿದರು.

"ಪ್ರಿಂಟರ್ ಬಿಸಿಯಾಗಬೇಕು ಕಣೋ" ಅಂದರು, ಇನ್ನೂ ಕಟ್ಟಿಕೊಂಡಿದ್ದ ಗಂಟಲಲ್ಲಿ. "ಕೂತ್ಕೋ."

ನಾನು ಹೆಗಲ ಮೇಲಿನ ಕೇಬಲ್ ಇಳಿಸಿ ಕೂತೆ.